ಹಾರಂಗಿ ಹಿನ್ನೀರಲ್ಲಿ ಚುಕ್ಕಾಣಿ ಕಿತ್ತುಬಂದಾಗ ನಾನು ಮಾಡಿದ್ದು

ಚುಕ್ಕಾಣಿ ಇಲ್ದೇನೂ ಲೇಸರ್ ದೋಣಿನ ದಡ ಮುಟ್ಟಿಸ್ಬಹುದು, ಹಾರಂಗಿ ಹಿನ್ನೀರಲ್ಲಿ ನಾನೇ ಮುಟ್ಸಿದೀನಿ. ಲೇಸರ್ ಅಂದ್ರೆ ಒಬ್ರೇ ಓಡ್ಸೋ ರೇಸಿಂಗ್ ದೋಣಿ, 4.23 ಮೀಟರ್ ಉದ್ದ, ಒಂದೇ ಹಾಯಿ, 1996ರಿಂದ ಒಲಿಂಪಿಕ್ಸಲ್ಲಿದೆ, ಈಗ ಐಎಲ್‌ಸಿಎ ಅಂತಾರೆ. ನಾನು, ಚಿಕ್ಕಪ್ಪನ ಮಗ ಇಬ್ರೂ ಪ್ಲಾಸ್ಟಿಕ್ ಕ್ಯಾನಿಗೆ ಹಗ್ಗ, ಕಲ್ಲು ಕಟ್ಟಿ ಅದನ್ನೇ ಮಾರ್ಕ್ (ಸುತ್ತಿ ಬರೋ ಗುರುತು) ಮಾಡ್ಕೊಂಡು ರೇಸ್ ಹಚ್ತೀವಿ. ನಮ್ಮ ಕೊಡಗಲ್ಲಿ ಹಾಕಿ ಅಂದ್ರೆ ಪ್ರಾಣ, ಆದ್ರೆ ಟೋಕಿಯೋ ಒಲಿಂಪಿಕ್ಸಲ್ಲಿ ಸೈಲಿಂಗ್ ಮಾಡಿದ ಕೆ.ಸಿ. ಗಣಪತಿ ಕೊಡವ ಮನೆತನದವ್ರು, ಅದನ್ನ ನೆನೆಸ್ಕೊಂಡ್ರೆ ಈಗ್ಲೂ ಖುಷಿ ಆಗತ್ತೆ.

ಮಳೆಗಾಲದ ಗಾಳಿ ಜೋರಿತ್ತು, ಗಾಳಿಗೆ ಎದುರಾಗಿ ಹೋಗ್ತಿದ್ದೆ, ಒಂದು ಬೀಸು ಬಂದಿದ್ದೇ ತಡ ಹಿಂದೆ ಟಕ್ ಅಂತ ಸದ್ದಾಗಿ ಟಿಲ್ಲರ್ (ಚುಕ್ಕಾಣಿ ತಿರುಗ್ಸೋ ಕೋಲು) ಸಡಿಲ ಆಯ್ತು, ನೋಡಿದ್ರೆ ಚುಕ್ಕಾಣಿ ಹಿಡಿದಿರೋ ಎರಡು ಬ್ರಾಕೆಟಲ್ಲಿ ಕೆಳಗಿಂದು ಸ್ಕ್ರೂ ಸಮೇತ ಕಿತ್ತುಬಂದಿದೆ. ದೋಣಿ ತಾನಾಗೇ ಗಾಳಿ ಕಡೆ ಮೂತಿ ಮಾಡ್ಕೊಂಡು ನಿಂತ್ಕೊಳ್ತು, ಹಾಯಿ ಪಟಪಟ ಅಂತಿತ್ತು. ಹಾಗೆ ನಿಂತಿರೋದೇ ಆಗ ಸೇಫು. ಮೊದ್ಲು ಹಿಂದಕ್ಕೆ ಜರುಗಿ ಕ್ಲಿಪ್ ಒತ್ತಿ ಚುಕ್ಕಾಣಿನ ಪೂರ್ತಿ ಬಿಚ್ಚಿ ಒಳಗೆ ಕಟ್ಟಿದೆ, ಯಾಕಂದ್ರೆ ಒಂದೇ ಬ್ರಾಕೆಟಲ್ಲಿ ನೇತಾಡೋಕೆ ಬಿಟ್ರೆ ಅಲೆ ಹೊಡೆತಕ್ಕೆ ಅದನ್ನೂ ಕಿತ್ಕೊಂಡು ಹೋಗತ್ತೆ.

ಆಮೇಲೆ ಹಾಯಿಯ ಬುಡದಲ್ಲಿರೋ ಅಡ್ಡ ಕೋಲು, ಅಂದ್ರೆ ಬೂಮ್, ಅದನ್ನ ಕೆಳಕ್ಕೆ ಎಳೆದು ಹಿಡಿಯೋ ವ್ಯಾಂಗ್ ಹಗ್ಗ ಸಡಿಲ ಮಾಡಿ ಬೂಮನ್ನ ಕೈಯಲ್ಲಿ ಎಡಕ್ಕೆ ತಳ್ಳಿ ಹಿಡಿದೆ, ಮೂತಿ ನಿಧಾನಕ್ಕೆ ಎಡಕ್ಕೆ ತಿರುಗ್ತು, ಬಿಟ್ಟೆ, ದೋಣಿ ಹೊರಡ್ತು. ಇಲ್ಲಿಂದ ಸ್ಟೀರಿಂಗ್ ಅಂದ್ರೆ ನಮ್ಮ ಮೈಭಾರ ಮತ್ತೆ ಹಾಯಿ ಹಗ್ಗ ಅಷ್ಟೇ. ಹಾಯಿ ಇರೋ ಕಡೆಗೆ ದೋಣಿ ವಾಲಿದ್ರೆ ಮೂತಿ ಗಾಳಿ ಕಡೆ ಹೋಗತ್ತೆ, ನಾವು ಕೂತಿರೋ ಕಡೆಗೆ ವಾಲಿಸಿದ್ರೆ ಗಾಳಿಯಿಂದ ಆಚೆ ಹೋಗತ್ತೆ. ಹಗ್ಗ ಎಳೆದ್ರೆ ಗಾಳಿ ಕಡೆ, ಬಿಟ್ರೆ ಆಚೆ. ಮೂತಿ ತಿರುಗೋಕೆ ಶುರುವಾಗೋ ಮುಂಚೆನೇ ಮೈ ಸರಿಸ್ಬೇಕು, ತಿರುಗಿದ ಮೇಲೆ ಸರಿಸಿದ್ರೆ ಹಾವಿನ ಹಾಗೆ ಅಂಕುಡೊಂಕು ಹೋಗತ್ತೆ. ಗಾಳಿ ಬೆನ್ನಿಗಿಟ್ಕೊಂಡು ನೇರ ಹೋಗ್ಬೇಡಿ, ಬೂಮ್ ಯಾವಾಗ ಬೇಕಾದ್ರೂ ಈ ಕಡೆಗೆ ಬೀಸಿ ತಲೆಗೆ ಹೊಡೆಯತ್ತೆ. ನಾನು ಗಾಳಿಗೆ ಅಡ್ಡವಾಗೇ ದಡಕ್ಕೆ ಬಂದೆ. "ಅಣ್ಣಾ, ಹಗ್ಗ ಎಸೀಲಾ?" ಅಂತ ತಮ್ಮ ಪಕ್ಕದಲ್ಲೇ ಬರ್ತಿದ್ದ, ಬೇಡ ಅಂದೆ. ನಿಜವಾದ ರೇಸಲ್ಲಿ ಸುಮ್ಮನೆ ಎಳೆಸ್ಕೊಂಡ್ರೆ ಅದು ಹೊರಗಿನ ಸಹಾಯ, ಸೈಲಿಂಗ್ ರೇಸ್ ನಿಯಮಗಳಲ್ಲಿ 41ನೇದರ ಪ್ರಕಾರ ತಪ್ಪು. ಆದ್ರೆ ಜೀವಕ್ಕೆ ಅಪಾಯ ಅಂದ್ರೆ ಎರಡನೇ ಯೋಚ್ನೆ ಬೇಡ, ಹಗ್ಗ ಹಿಡೀರಿ.

ರಿಪೇರಿನೇ ಕಷ್ಟ ಆಗಿದ್ದು. ಬ್ರಾಕೆಟ್ ಸ್ಕ್ರೂ ಕೂರೋದು ಹಲ್ (ದೋಣಿಯ ಒಡಲು) ಒಳಗಿರೋ ಮರದ ತುಂಡಲ್ಲಿ, ಒಳಗೆ ನೀರು ನಿಂತು ಅದು ಮೆತ್ತಗಾಗಿತ್ತು. ನಮ್ಮ ಮಳೆಗಾಲದಲ್ಲಿ ಬಟ್ಟೆನೇ ಒಣಗಲ್ಲ, ಇನ್ನು ಮರ ಒಣಗತ್ತಾ? ಹಿಂದಿನ ಡೆಕ್‌ನಲ್ಲಿ ಇನ್ಸ್‌ಪೆಕ್ಷನ್ ಪೋರ್ಟ್, ಅಂದ್ರೆ ಒಳಗೆ ಕೈ ಹಾಕೋಕೆ ಮುಚ್ಚಳದ ಕಿಂಡಿ, ಕೂರಿಸಿ (ಲೇಸರ್ ದೋಣಿಗಳ ಕ್ಲಾಸ್ ರೂಲಲ್ಲಿ ಅವಕಾಶ ಇದೆ) ಶೆಡ್ಡಲ್ಲಿ ಫ್ಯಾನ್ ಹಾಕಿ ಬಿಟ್ಟೆ, ಮುಟ್ಟಿದ್ರೆ ಗಟ್ಟಿ ಅನ್ನಿಸಿದ ಮೇಲೇನೇ ತೂತಿಗೆ ಎಪಾಕ್ಸಿ ಅಂಟು ತುಂಬಿದ್ದು. ಒದ್ದೆ ಮರಕ್ಕೆ ಎಪಾಕ್ಸಿ ಸರಿಯಾಗಿ ಹಿಡಿಯಲ್ಲ. ಆಮೇಲೆ ಸ್ಕ್ರೂ ಬದ್ಲು ಸುಲಭಕ್ಕೆ ತುಕ್ಕು ಹಿಡಿಯದ 316 ಸ್ಟೀಲ್ ಬೋಲ್ಟ್, ಒಳಗಿಂದ ದೊಡ್ಡ ವಾಷರ್, ಲಾಕ್ ನಟ್. ಈಗ ನೀರಿಗೆ ಇಳಿಸೋ ಮುಂಚೆ ಚುಕ್ಕಾಣಿ ಹಿಡಿದು ಜೋರಾಗಿ ಅಲ್ಲಾಡಿಸ್ತೀನಿ, ಬ್ರಾಕೆಟ್ ಒಂಚೂರು ಮಿಸುಕಿದ್ರೂ ಆವತ್ತು ದೋಣಿ ಇಳಿಸಲ್ಲ.