ಕೊನೆಯ ವರದಿ ಬರುವವರೆಗೆ ನಾನು ಕಾದ ಬಗೆ

ಬಯಾಪ್ಸಿ, ಐಎಚ್‌ಸಿ, ಪೆಟ್ ಸ್ಕ್ಯಾನ್ ಎಂದರೇನು ಎಂದು ಇಲ್ಲಿ ಉದ್ದಕ್ಕೆ ವಿವರಿಸುವುದಿಲ್ಲ. ನನ್ನದು ಸ್ತನ ಕ್ಯಾನ್ಸರ್; ಗಂಟಿನ ಚೂರು ತೆಗೆದು ನೋಡುವುದು ಮೊದಲನೆಯದು, ಆ ಚೂರಿಗೆ ಬಣ್ಣ ಹಾಕಿ ಕ್ಯಾನ್ಸರಿನ ಬಗೆ ತಿಳಿಯುವುದು ಎರಡನೆಯದು, ಎಲ್ಲಿಗೆಲ್ಲ ಹರಡಿದೆ ಎಂದು ಮೈಯ ಚಿತ್ರ ತೆಗೆಯುವುದು ಮೂರನೆಯದು. ಇದನ್ನು ಓದುವ ಹಲವರ ಮನೆಯಲ್ಲಿ ಅವುಗಳ ಫೈಲು ಇದ್ದೇ ಇರುತ್ತದೆ. ಮೊದಲ ವರದಿಗೂ ಕೊನೆಯ ವರದಿಗೂ ನಡುವೆ ಬರುವ ದಿನಗಳನ್ನು ನಾನು ಹೇಗೆ ಕಳೆದೆ ಎನ್ನುವುದಷ್ಟೇ ಈ ಬರಹದ ವಿಷಯ. ದಿನದಲ್ಲಿ ಗೊತ್ತು ಮಾಡಿದ ಅರ್ಧ ಗಂಟೆ ಮಾತ್ರ ಚಿಂತೆ ಮಾಡುತ್ತೇನೆ ಎಂದು ನಿರ್ಧರಿಸಿದ್ದೆ. ‘ಹೀಗೆಲ್ಲ ಗಂಟೆ ಹಾಕಿಕೊಂಡು ಚಿಂತೆ ಮಾಡಲು ಆಗುವುದಿಲ್ಲ, ಎರಡು ದಿನಕ್ಕೆ ಕುಸಿದು ಕೂರುತ್ತೀಯ’ ಎಂದು ನರ್ಸ್ ಆಗಿರುವ ನನ್ನ ನಾದಿನಿಯೇ ಹೇಳಿದ್ದಳು. ಗಂಡನಿಗೂ ನಂಬಿಕೆ ಇರಲಿಲ್ಲ. ಕುಸಿಯಲಿಲ್ಲ. ಮೂರು ವಾರಕ್ಕೂ ಮೇಲ್ಪಟ್ಟು ಕಾದು, ನಿದ್ದೆ ಮಾಡಿ, ಲೆಕ್ಕ ಬರೆದು, ತಲೆ ಸರಿಯಾಗಿ ಇಟ್ಟುಕೊಂಡೇ ಚಿಕಿತ್ಸೆಯ ಬಾಗಿಲಿಗೆ ಹೋದೆ.

ನಮ್ಮದು ಸಾಗರ ತಾಲ್ಲೂಕಿನ ಹಳ್ಳಿ. ಎರಡು ಎಕರೆಯೊಳಗಿನ ಅಡಿಕೆ ತೋಟ, ಎರಡು ಹಸು. ನನಗೆ ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವ ಕೆಲಸ. ಸ್ಕೂಟರಿನಿಂದ ಬಿದ್ದಾಗ ಹ್ಯಾಂಡಲ್ ಎದೆಗೆ ತಗುಲಿತ್ತು. ನೀಲಿಗಟ್ಟಿದ್ದು ತಿಳಿಯಾಯಿತು, ಒಳಗಿನ ಗಂಟು ಮಾತ್ರ ಹೋಗಲಿಲ್ಲ. ಪೆಟ್ಟು ಬಿದ್ದು ಗಟ್ಟಿಯಾಗಿದೆ, ಕರಗುತ್ತದೆ ಎಂದೇ ಎಲ್ಲರ ಅಂದಾಜು. ವೈದ್ಯರು ಖಚಿತಪಡಿಸಿಕೊಳ್ಳಲೆಂದು ಸೂಜಿ ಹಾಕಿಸಿದರು. ವರದಿಯಲ್ಲಿ ಇನ್ವೇಸಿವ್ ಕಾರ್ಸಿನೋಮ, ಗ್ರೇಡ್ ಎರಡು, ಅಂದರೆ ಸುತ್ತಲಿಗೆ ಹಬ್ಬತೊಡಗಿದ ಮಧ್ಯಮ ದರ್ಜೆಯ ಕ್ಯಾನ್ಸರ್ ಎಂದಿತ್ತು. ಕ್ಯಾನ್ಸರ್ ಪೆಟ್ಟಿನಿಂದ ಬಂದದ್ದಲ್ಲ, ಮೊದಲೇ ಇದ್ದದ್ದು ಪೆಟ್ಟಿನ ನೆಪದಲ್ಲಿ ಕೈಗೆ ಸಿಕ್ಕಿತು ಎಂದು ವೈದ್ಯರು ಹೇಳಿದರು. ಕಂಕುಳಲ್ಲಿ ಒಂದು ಗ್ರಂಥಿ ಊದಿದ್ದರಿಂದ ಪೆಟ್ ಸ್ಕ್ಯಾನ್ ಕೂಡ ಬರೆದುಕೊಟ್ಟರು.

ನನ್ನ ಕ್ರಮ ಇಷ್ಟೇ. ದಿನಕ್ಕೆ ಅರ್ಧ ಗಂಟೆ ಚಿಂತೆಗೆಂದೇ ಮೀಸಲು. ಆ ಹೊತ್ತಿನಲ್ಲಿ ಒಬ್ಬಳೇ ಕುಳಿತು ಕೈಯಲ್ಲೇ ಬರೆಯುವುದು. ಉಳಿದ ಹೊತ್ತಿನಲ್ಲಿ ಚಿಂತೆ ಬಂದರೆ ಅದರ ಹೆಸರನ್ನು ಒಂದು ಚೀಟಿಯಲ್ಲಿ ಗೀಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಕೆಲಸ ಮುಂದುವರಿಸುವುದು. ಹೇಳಲು ಸುಲಭ, ಕುದುರಲು ಒಂದು ವಾರವೇ ಹಿಡಿಯಿತು.

ಮೊದಲು ಬೆಳಗಿನ ಹೊತ್ತು ಇಟ್ಟುಕೊಂಡೆ. ಎದ್ದ ತಕ್ಷಣ ಚಿಂತೆ ಮುಗಿಸಿಬಿಟ್ಟರೆ ದಿನ ಹಗುರಾಗುತ್ತದೆ ಎಂಬ ಲೆಕ್ಕ. ಆದದ್ದು ಉಲ್ಟಾ: ಅಲ್ಲಿ ಎದ್ದ ಪ್ರಶ್ನೆಗಳು ಸಂಘದ ಮೇಜಿನವರೆಗೂ ಹಿಂಬಾಲಿಸಿ ಬಂದವು. ಆಮೇಲೆ ರಾತ್ರಿ ಊಟದ ನಂತರ ಕುಳಿತೆ. ನಿದ್ದೆಯೇ ಹಾರಿಹೋಯಿತು. ಮೊಬೈಲಿನಲ್ಲಿ ಬರೆದು ನೋಡಿದೆ. ಒಂದು ಸಾಲು ಬರೆಯುವಷ್ಟರಲ್ಲಿ ಬೆರಳು ಹುಡುಕಾಟಕ್ಕೆ ಹೋಗುತ್ತದೆ, ಅಲ್ಲಿಂದ ವಾಪಸು ಬರಲು ಎರಡು ಗಂಟೆ. ಕೊನೆಗೆ ಸಂಜೆ ಐದೂವರೆಗೆ ತಂದಾಗ ಎಲ್ಲ ಕೂಡಿಬಂತು. ಯಾಕೆಂದರೆ ಆರು ಗಂಟೆಗೆ ಹಾಲು ಕರೆಯಲೇಬೇಕು, ಡೇರಿಯವರು ಯಾರಿಗೂ ಕಾಯುವುದಿಲ್ಲ. ಕೊಟ್ಟಿಗೆಯಲ್ಲಿ ಹಸು ಕೂಗಿದರೆ ಎಂಥ ಚಿಂತೆಯಾದರೂ ಅಲ್ಲೇ ನಿಲ್ಲಬೇಕು. ಆರಂಭಕ್ಕಿಂತ ಮುಕ್ತಾಯ ಮುಖ್ಯ, ಆ ಮುಕ್ತಾಯ ನಮ್ಮ ಮನಸ್ಸಿನ ಕೈಯಲ್ಲಿ ಇರಬಾರದು. ಇದೇ ಈ ಕ್ರಮದ ಜೀವಾಳ.

ಪುಸ್ತಕದ ಪುಟಕ್ಕೆ ನಡುವೆ ಗೆರೆ. ಎಡಗಡೆ ‘ಕಾಗದದಲ್ಲಿ ಇರುವುದು’, ಬಲಗಡೆ ‘ಕಾಗದದಲ್ಲಿ ಇಲ್ಲದ್ದು’. ಒಂದು ಸಂಜೆಯ ಪುಟ ಈಗಲೂ ಇದೆ. ಎಡಗಡೆ: ಗ್ರೇಡ್ ಎರಡು. ಇಆರ್ ಪಾಸಿಟಿವ್. ಪಿಆರ್ ಪಾಸಿಟಿವ್. ಹರ್‌ಟು ಎರಡು ಪ್ಲಸ್. (ಇಆರ್, ಪಿಆರ್ ಎಂದರೆ ಕ್ಯಾನ್ಸರ್ ಹಾರ್ಮೋನಿಗೆ ಸ್ಪಂದಿಸುತ್ತದೆಯೇ ಎಂಬ ಗುರುತು; ಹರ್‌ಟು ಅದನ್ನು ಬೆಳೆಸುವ ಒಂದು ಪ್ರೋಟೀನ್.) ಬಲಗಡೆ: ಎಲುಬಿಗೆ ಹೋಗಿದೆಯೇ. ಕೂದಲು ಹೋಗುತ್ತದೆಯೇ. ಮಗಳ ಮದುವೆ ನೋಡುತ್ತೇನೆಯೇ. ತೋಟ ಯಾರು ನೋಡುತ್ತಾರೆ. ಬಲಗಡೆ ಬರೆದ ಒಂದೊಂದರ ಮುಂದೆಯೂ ಅದಕ್ಕೆ ಉತ್ತರ ಯಾವ ಪರೀಕ್ಷೆಯಿಂದ ಬರುತ್ತದೆ ಎಂದು ಬರೆಯುತ್ತಿದ್ದೆ. ಎಲುಬಿಗೆ ಪೆಟ್ ಸ್ಕ್ಯಾನ್. ಕೂದಲಿಗೆ ವೈದ್ಯರ ಮುಂದಿನ ಭೇಟಿ. ಯಾವ ಪರೀಕ್ಷೆಯೂ ಉತ್ತರ ಕೊಡದ ಪ್ರಶ್ನೆಗೆ ಸುತ್ತು ಹಾಕಿ, ಆ ದಿನಕ್ಕೆ ಅದನ್ನು ಅಲ್ಲಿಗೇ ಬಿಟ್ಟುಬಿಡುತ್ತಿದ್ದೆ. ಅತ್ತದ್ದೂ ಇದೆ. ಅಳುವುದಕ್ಕೆ ಅಲ್ಲಿ ಅಡ್ಡಿಯೇನೂ ಇರಲಿಲ್ಲ.

ಹರ್‌ಟು ಎರಡು ಪ್ಲಸ್ ಬಂದವರಿಗೆ ಆ ಸಂಕಟ ಗೊತ್ತು. ಮೂರು ಬಂದಿದ್ದರೆ ಪಾಸಿಟಿವ್, ಸೊನ್ನೆಯೋ ಒಂದೋ ಆಗಿದ್ದರೆ ನೆಗೆಟಿವ್. ಎರಡು ಎಂದರೆ ಖಚಿತವಿಲ್ಲ, ಫಿಶ್ ಎಂಬ ಜೀನ್ ಪರೀಕ್ಷೆಗೆ ಹೋಗಬೇಕು, ಮತ್ತೆ ಕಾಯಬೇಕು. ಎಂಟು ಹತ್ತು ದಿನ ಎಂದಿದ್ದರು. ಅಷ್ಟು ದಿನ ಕಳೆದು ಫೋನ್ ಮಾಡಿದರೆ ನನ್ನ ಬ್ಲಾಕ್, ಅಂದರೆ ಬಯಾಪ್ಸಿಯ ಚೂರನ್ನು ಮೇಣದಲ್ಲಿ ಹುದುಗಿಸಿಟ್ಟ ತುಂಡು, ಇದ್ದ ಕಪಾಟಿನಿಂದ ಕದಲಿರಲೇ ಇಲ್ಲ! ಯಾವ ಪ್ರಯೋಗಾಲಯ ಎಂದು ಬರೆಯುವುದಿಲ್ಲ. ಅಂದಿನಿಂದ ದಿನ ಬಿಟ್ಟು ದಿನ, ಬೆಳಿಗ್ಗೆ ಹನ್ನೊಂದಕ್ಕೆ ಒಂದೇ ಫೋನ್, ಮೂರೇ ಪ್ರಶ್ನೆ: ಬ್ಲಾಕ್ ಈಗ ಯಾರ ಕೈಯಲ್ಲಿದೆ, ಮುಂದಿನ ಹಂತ ಯಾವುದು, ಸಹಿ ಮಾಡುವವರು ಯಾರು. ‘ವರದಿ ಬಂತೇ’ ಎಂದು ಕೇಳಿದರೆ ‘ಇಲ್ಲ’ ಎಂಬ ಒಂದೇ ಉತ್ತರ. ಈ ಮೂರನ್ನು ಕೇಳಿದರೆ ಅಲ್ಲಿರುವವರು ಎದ್ದು ಹೋಗಿ ನೋಡಲೇಬೇಕಾಗುತ್ತದೆ. ಅವರಿಗೆ ನನ್ನ ಕಡತ ನೆನಪಿರುವಂತೆ ಮಾಡಲು ಇನ್ನೊಂದು ಉಪಾಯವನ್ನೂ ಮಾಡಿದ್ದೆ. ಅದನ್ನು ಇಲ್ಲಿ ಬರೆದರೆ ನಾಳೆಯಿಂದ ಅದು ಕೆಲಸ ಮಾಡುವುದಿಲ್ಲ, ಬಿಟ್ಟಿದ್ದೇನೆ.

ಕೊನೆಗೆ ಬ್ಲಾಕನ್ನು ನಾನೇ ಬಿಡಿಸಿಕೊಂಡು ಬೆಂಗಳೂರಿಗೆ ಒಯ್ದೆ. ಅದನ್ನು ಕೈಯಲ್ಲಿ ಹಿಡಿದು ನೋಡದವರು ಒಮ್ಮೆ ನೋಡಬೇಕು. ಬೆರಳುದ್ದದ ಪ್ಲಾಸ್ಟಿಕ್ ಚೌಕಟ್ಟು, ಅದರ ಮೇಲೆ ಮೇಣ, ಮೇಣದೊಳಗೆ ನೂಲಿನೆಳೆಯಂತೆ ಬಿಳಿಯ ನಾಲ್ಕೈದು ಗೀರುಗಳು. ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದ ಸಂಖ್ಯೆ. ಆ ಸಂಖ್ಯೆಯನ್ನು ವರದಿಯ ಸಂಖ್ಯೆಯೊಂದಿಗೆ ಅಲ್ಲೇ ನಿಂತು ತಾಳೆ ನೋಡಿದೆ. ಮೇಣ 60 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ, ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ ಎಂದರು. ಸ್ಟೀಲಿನ ಡಬ್ಬಿಯಲ್ಲಿ ಹತ್ತಿ ಹಾಸಿ, ತಾಳಗುಪ್ಪದಿಂದ ಬರುವ ರಾತ್ರಿ ರೈಲಿನಲ್ಲಿ ತಲೆದಿಂಬಿನ ಬಳಿಯೇ ಇಟ್ಟುಕೊಂಡು ಹೋದೆ. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು. ಕಾಯುವುದು ಅಷ್ಟೊತ್ತಿಗೆ ಕೆಲಸವಾಗಿ ಬದಲಾಗಿತ್ತು. ರೈಲಿನ ವಿಷಯ ಬಂದದ್ದಕ್ಕೆ ಹೇಳುತ್ತೇನೆ: ಆಸ್ಪತ್ರೆಯಿಂದ ರೈಲ್ವೆಯ ನಮೂನೆಯಲ್ಲಿ ಪ್ರಮಾಣಪತ್ರ ಪಡೆದರೆ ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ದರ್ಜೆಯಲ್ಲಿ ಪೂರ್ತಿ ರಿಯಾಯಿತಿ ಇದೆ, ಜೊತೆಗೆ ಬರುವವರಿಗೂ ದೊಡ್ಡ ಭಾಗ ಇದೆ. ನಿಲ್ದಾಣದ ಕೌಂಟರಿನಲ್ಲೇ ಟಿಕೆಟ್ ತೆಗೆಯಬೇಕು.

ಪೆಟ್ ಸ್ಕ್ಯಾನಿಗೆ ಆರು ಗಂಟೆ ಉಪವಾಸ. ಸಕ್ಕರೆ ಕಾಯಿಲೆ ಇರುವವರು ಮಾತ್ರೆ, ಇನ್ಸುಲಿನ್ ಬಗ್ಗೆ ಮೊದಲೇ ಕೇಳಿಕೊಂಡಿರಬೇಕು. ಚುಚ್ಚುವ ವಿಕಿರಣಶೀಲ ಔಷಧದ ಶಕ್ತಿ 110 ನಿಮಿಷಕ್ಕೆ ಅರ್ಧಕ್ಕಿಳಿಯುತ್ತದೆ, ತಡವಾಗಿ ಹೋದರೆ ಸರದಿ ತಪ್ಪುತ್ತದೆ. ಹಿಂದಿನ ದಿನ ಹುಲ್ಲಿನ ಹೊರೆ ಹೊರಲಿಲ್ಲ, ಶ್ರಮಪಟ್ಟ ಸ್ನಾಯುಗಳೂ ಚಿತ್ರದಲ್ಲಿ ಬೆಳಗುತ್ತವಂತೆ. ಚುಚ್ಚಿದ ಮೇಲೆ ಒಂದು ಗಂಟೆ ಮಾತಾಡದೆ, ಮೊಬೈಲ್ ನೋಡದೆ ಬೆಚ್ಚಗೆ ಮಲಗಿರಬೇಕು. ನನ್ನ ಜೊತೆ ಕಾಯುತ್ತಿದ್ದವರಿಗೆ ಆ ಒಂದು ಗಂಟೆಯೇ ನರಕವಾಗಿತ್ತು. ನಾನು ಆಗಲೇ ಪಳಗಿದ್ದೆ. ಚಿಂತೆ ಬಂತು, ಐದೂವರೆಗೆ ಬಾ ಎಂದೆ, ಹೋಯಿತು.

ದುಡ್ಡಿನ ಮಾತಿಗೆ ಬರುತ್ತೇನೆ, ಮನೆಯಲ್ಲಿ ನಿಜವಾದ ಜಗಳ ಅಲ್ಲಿತ್ತು. ಐಎಚ್‌ಸಿಗೆ ಐದು ಸಾವಿರದ ಹತ್ತಿರ, ಫಿಶ್‌ಗೆ ಹತ್ತರ ಮೇಲೆ, ಪೆಟ್ ಸ್ಕ್ಯಾನಿಗೆ ಹದಿನೈದೋ ಹದಿನಾರೋ, ಓಡಾಟ, ಲಾಡ್ಜು ಎಲ್ಲ ಸೇರಿ ಚಿಕಿತ್ಸೆಯ ಮೊದಲ ಹನಿ ಮೈಗೆ ಇಳಿಯುವ ಮುನ್ನವೇ ನಲವತ್ತೈದು ಐವತ್ತು ಸಾವಿರ ಕೈಯಿಂದ ಹೋಯಿತು. ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಯ ನೆರವು ಇದೆ, ಎಪಿಎಲ್ ಕಾರ್ಡಿನವರಿಗೆ ಪ್ಯಾಕೇಜಿನ ಶೇ 30ರಷ್ಟು ಮಾತ್ರ. ನಮ್ಮದು ಎಪಿಎಲ್.

ಅಣ್ಣ ತೋಟದ ಕೆಳಗಿನ ಪಟ್ಟಿ ಮಾರೋಣ ಎಂದು ಹಟ ಹಿಡಿದ. ಗಿರಾಕಿಯೂ ಬಂದ. ನಮ್ಮ ಅವಸರ ಅವನಿಗೆ ತಿಳಿದಿತ್ತು, ಕೇಳಿದ ಬೆಲೆ ಮಾರುಕಟ್ಟೆಯ ಅರ್ಧದಷ್ಟು. ಹರ್‌ಟು ಪಾಸಿಟಿವ್ ಆದರೆ ಮೂರು ವಾರಕ್ಕೊಂದರಂತೆ ವರ್ಷಪೂರ್ತಿ ಟ್ರಾಸ್ಟುಜುಮ್ಯಾಬ್ ಎಂಬ ಚುಚ್ಚುಮದ್ದು ಬೇಕು. 2014ರಲ್ಲಿ ಬೆಂಗಳೂರಿನ ಬಯೋಕಾನ್ ತನ್ನದೇ ಔಷಧ ತಂದ ಮೇಲೆ ದರ ಇಳಿದಿದ್ದರೂ ಹದಿನೇಳು ಹದಿನೆಂಟು ಡೋಸ್ ನಮ್ಮಂಥವರಿಗೆ ದೊಡ್ಡ ಮೊತ್ತವೇ. ನೆಗೆಟಿವ್ ಆದರೆ ಆ ಖರ್ಚೇ ಇಲ್ಲ. ‘ಫಿಶ್ ಬರುವ ತನಕ ಒಂದು ಗುಂಟೆಯೂ ಮಾರುವುದಿಲ್ಲ, ಒಂದು ಎಳೆ ಚಿನ್ನವೂ ಅಡವಿಗೆ ಹೋಗುವುದಿಲ್ಲ’ ಎಂದು ಪುಸ್ತಕದ ಎಡ, ಬಲ ಎರಡನ್ನೂ ಅಣ್ಣನ ಮುಂದೆ ತೆರೆದಿಟ್ಟೆ. ಅವನು ಎರಡು ದಿನ ಮಾತು ಬಿಟ್ಟ. ಅಲ್ಲಿಯ ತನಕದ ಖರ್ಚಿಗೆ ಚಾಲಿ ಅಡಿಕೆ ಎರಡು ಚೀಲ ಹಾಕಿದೆವು, ಸಾಲದ್ದನ್ನು ಮಹಿಳಾ ಸಂಘದಿಂದ ತೆಗೆದೆ.

ಅಡಿಕೆ ಎಂದಾಗ ನೆನಪಾಯಿತು, ಕೈಗೆ ಯಾವ ಕೆಲಸ ಕೊಟ್ಟರೆ ತಲೆ ಹೆಚ್ಚು ಹೊತ್ತು ಸುಮ್ಮನಿರುತ್ತದೆ ಎಂದೂ ನೋಡಿದ್ದೇನೆ. ಧಾರಾವಾಹಿ ಪ್ರಯೋಜನವಿಲ್ಲ, ಕಣ್ಣು ಅಲ್ಲಿ, ಮನಸ್ಸು ಇಲ್ಲಿ. ಜಪ ನನಗೆ ನೂರರವರೆಗೆ ಸಾಗಿತು, ಆಮೇಲೆ ನಾಲಿಗೆ ಮಾತ್ರ ಜಪಿಸುತ್ತಿತ್ತು. ಕ್ರೋಶಾ ಪರವಾಗಿಲ್ಲ. ಎಲ್ಲಕ್ಕಿಂತ ಮೇಲು ಮೆಟ್ಟುಗತ್ತಿಯಲ್ಲಿ ಹಸಿ ಅಡಿಕೆ ಸುಲಿಯುವುದು. ಗಮನ ತಪ್ಪಿದರೆ ಬೆರಳು ಹೋಗುತ್ತದೆ, ಹಾಗಾಗಿ ಗಮನ ತಪ್ಪುವುದಿಲ್ಲ. ಬಯಾಪ್ಸಿಯ ಕಡೆಯ ಕೈ ಕೆಲವು ದಿನ ನೋಯುತ್ತಿತ್ತು, ನೋವು ಇಳಿದ ಮೇಲೆ ಒಂದು ಸಂಜೆಗೆ ಎರಡು ಡಬ್ಬ ಸುಲಿದದ್ದೂ ಉಂಟು. ಸುಲಿಯುವವರ ಗುಂಪಿನಲ್ಲಿ ಮಾತ್ರ ಕೂರಲಿಲ್ಲ, ಅಲ್ಲಿ ಮಾತು ತಿರುಗಿ ತಿರುಗಿ ನನ್ನ ಗಂಟಿಗೇ ಬರುತ್ತಿತ್ತು.

ನೆಂಟರ ಫೋನಿಗೆ ಅಕ್ಕನ ಮಗಳನ್ನು ನೇಮಿಸಿದೆ. ಎಲ್ಲರಿಗೂ ಒಂದೇ ವಾಕ್ಯ: ‘ಒಂದು ಪರೀಕ್ಷೆ ಬಾಕಿ ಇದೆ, ಬಂದ ಮೇಲೆ ನಾವೇ ತಿಳಿಸುತ್ತೇವೆ.’ ಅಮ್ಮನಿಗೆ ಮಾತ್ರ ನಾನೇ ಹೇಳಿದೆ. ಲಕ್ಷ್ಮಣ ಫಲ, ಗೋಧಿ ಹುಲ್ಲಿನ ಪುಡಿ, ಕಷಾಯದ ಕಟ್ಟು, ಯಾವುದನ್ನು ತಂದರೂ ಬೇಡ ಎನ್ನಲಿಲ್ಲ. ತಂದವರ ಹೆಸರು ಚೀಟಿಯಲ್ಲಿ ಬರೆದು ಅಂಟಿಸಿ ಕಪಾಟಿಗೆ ಸೇರಿಸಿದೆ. ಕಿಮೋಗೆ ಮುನ್ನ ಯಕೃತ್ತಿನ ರಕ್ತಪರೀಕ್ಷೆ ನೋಡುತ್ತಾರೆ, ಆ ಹೊತ್ತಿನಲ್ಲಿ ಹೊಟ್ಟೆಗೆ ಏನೇನೋ ಹಾಕಿಕೊಂಡು ಲೆಕ್ಕ ಕೆಡಿಸಬಾರದು ಎಂದು ನಾದಿನಿ ಹೇಳಿದ್ದಳು. ಇದೊಂದರಲ್ಲಿ ಅವಳೂ ನಾನೂ ಒಂದೇ ಪಕ್ಷ.

ಪೆಟ್ ಸ್ಕ್ಯಾನಿನಲ್ಲಿ ಎದೆ, ಕಂಕುಳು ಬಿಟ್ಟು ಬೇರೆಲ್ಲೂ ಇರಲಿಲ್ಲ. ಅದಾದ ಒಂದು ವಾರಕ್ಕೆ ಫಿಶ್ ಬಂತು. ಹೊಳೆಯುವ ಚುಕ್ಕೆಗಳನ್ನು ಜೀವಕೋಶಗಳಲ್ಲಿ ಎಣಿಸಿ ಅನುಪಾತ ತೆಗೆಯುತ್ತಾರೆ, 2 ಅಥವಾ ಮೇಲಿದ್ದರೆ ಪಾಸಿಟಿವ್. ನನ್ನದು 1.2ರ ಆಸುಪಾಸು, ನೆಗೆಟಿವ್. ಎಡಗಡೆಗೆ ಬರೆದುಕೊಂಡೆ. ಕಿಮೋ, ಶಸ್ತ್ರಚಿಕಿತ್ಸೆ, ವಿಕಿರಣ ಮೂರೂ ಆದವು, ಈಗ ಹಾರ್ಮೋನ್ ಮಾತ್ರೆ ನಡೆದಿದೆ. ಕೆಳಗಿನ ಪಟ್ಟಿ ನಮ್ಮ ಹೆಸರಿನಲ್ಲೇ ಇದೆ, ಕಳೆದ ಸಲದ ಫಸಲಿನಲ್ಲಿ ಮಹಿಳಾ ಸಂಘದ ಸಾಲ ತೀರಿತು. ಅಣ್ಣನೇ ಗೊನೆ ಇಳಿಸಲು ನಿಂತಿದ್ದ.

ನಾದಿನಿ ಈಗ ತನ್ನ ಆಸ್ಪತ್ರೆಗೆ ಬರುವವರಿಗೆ ನನ್ನ ನಂಬರ್ ಕೊಡುತ್ತಾಳೆ. ಹೋದ ತಿಂಗಳು ಹೊಸನಗರದ ಕಡೆಯವರೊಬ್ಬರು ಫೋನ್ ಮಾಡಿದ್ದರು. ಅವರ ಮನೆಯಲ್ಲಿ ಹಸು ಇಲ್ಲ. ಮಗನ ಟ್ಯೂಷನ್ ಆರೂಕಾಲಿಗೆ ಬಿಡುತ್ತದೆ, ಕರೆದುಕೊಂಡು ಬರುವವರು ಅವರೊಬ್ಬರೇ. ಹಾಗಾದರೆ ಆರು ಗಂಟೆಗೆ ಪುಸ್ತಕ ಮುಚ್ಚಿ ಚಪ್ಪಲಿ ಹಾಕಿಕೊಳ್ಳಿ ಎಂದೆ. ಒಂದು ವಾರದಿಂದ ನಡೆಯುತ್ತಿದೆಯಂತೆ. ಅವರದೂ ಎರಡು ಪ್ಲಸ್, ಫಿಶ್ ಇನ್ನೂ ಬಂದಿಲ್ಲ.