ಡಬ್ಲ್ಯುಎಪಿ-7ರ ಮೈಗೆ ಕಲ್ಯಾಣದ ಧೂಳು

ಪೆಟ್ಟಿಗೆಯಿಂದ ತೆಗೆದ ಮಾದರಿ ಎಂಜಿನ್ ಆಟಿಕೆಯಂತೆ ಕಾಣುವುದು ಅದರ ಹೊಳಪಿನಿಂದ. ಹಾಗೆಂದು ಎಲ್ಲೆಡೆ ಕೊಳೆ ಬಳಿದರೆ ಅದು ಗೂಡ್ಸ್ ಎಂಜಿನ್ ಆಗಿಬಿಡುತ್ತದೆ. ಎಕ್ಸ್‌ಪ್ರೆಸ್ ಗಾಡಿ ಎಳೆಯುವ ಎಂಜಿನ್ನಿನ ಪಕ್ಕಗಳನ್ನು ಆಗಾಗ ತೊಳೆಯುತ್ತಾರೆ. ಕೊಳೆ ಉಳಿಯುವುದು ಚಾವಣಿಯಲ್ಲಿ ಮತ್ತು ಗಾಲಿಗಳ ಸುತ್ತ. ನನ್ನ 1:87 ಅಳತೆಯ (ನಿಜವಾದುದರ 87ರಲ್ಲಿ ಒಂದು ಪಾಲಿನ) ಡಬ್ಲ್ಯುಎಪಿ-7 ವಿದ್ಯುತ್ ಎಂಜಿನ್ನಿನ ಮಾದರಿಗೆ ಬಣ್ಣ ಹಚ್ಚುವಾಗ ನಾನು ಬಿಡದೆ ಪಾಲಿಸಿದ್ದು ಇದೊಂದನ್ನೇ.

ನೋಡಿ ಕಲಿತದ್ದು ಮುಂಬೈ ಬಳಿಯ ಕಲ್ಯಾಣ ನಿಲ್ದಾಣದ ಪಾದಚಾರಿ ಸೇತುವೆಯ ಮೇಲೆ. ಬೆಂಗಳೂರಿಗೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ ಬಂದು ನಿಂತರೆ ಊರಿಗೆ ಹೊರಟವರು ಬೋಗಿ ಹುಡುಕುತ್ತಾರೆ, ನಾನು ಎಂಜಿನ್ನಿನ ನೆತ್ತಿ ನೋಡುತ್ತೇನೆ. ಮೇಲಿನ ತಂತಿಯಿಂದ ವಿದ್ಯುತ್ ಪಡೆಯಲು ಚಾವಣಿಯಿಂದ ಎತ್ತುವ ಚೌಕಟ್ಟಾದ ಪ್ಯಾಂಟೊಗ್ರಾಫ್‌ನ ಇಂಗಾಲದ ಪಟ್ಟಿ ತಂತಿಗೆ ಉಜ್ಜಿ ಉದುರಿದ ಕಪ್ಪು ಪುಡಿ ಅದರ ಬುಡದಲ್ಲೇ ದಟ್ಟ, ದೂರ ಹೋದಂತೆ ತೆಳು. ವಿದ್ಯುತ್ ಮೈಗೆ ಹರಿಯದಂತೆ ತಡೆಯುವ ಇನ್ಸುಲೇಟರ್‌ಗಳನ್ನು ಮಾತ್ರ ಒರೆಸಿಡುತ್ತಾರೆ. ಅಲ್ಲಿ ಕೊಳೆ ಕೂತರೆ 25 ಕಿಲೋವೋಲ್ಟ್ ವಿದ್ಯುತ್ ಅದರ ಮೇಲೆಯೇ ಹರಿದುಬಿಡಬಹುದು. ಹಾಗಾಗಿ ಮಾದರಿಯಲ್ಲೂ ಅವುಗಳನ್ನು ಮುಟ್ಟಲಿಲ್ಲ.

ಮೊದಲು ಗಾಜುಗಳಿಗೆ ಟೇಪ್ ಅಂಟಿಸಿ, ಹೊಳಪಿಲ್ಲದ ವಾರ್ನಿಷ್ ತೆಳುವಾಗಿ ಸಿಂಪಡಿಸಿದೆ. ಗಾಜು ಹೊಳೆಯಲೇಬೇಕು. ಬಿಳಿ ಮೈಯ ಮೇಲೆ ಅಚ್ಚ ಕಪ್ಪು ಮಸಿಯಂತೆ ಕಾಣುತ್ತದೆ. ಆದ್ದರಿಂದ ಕಂದು ಬೆರೆತ ಬೂದು ಅಕ್ರಿಲಿಕ್ ಬಣ್ಣವನ್ನು ನೀರಾಗಿಸಿ, ಪಕ್ಕದ ಗಾಳಿಜಾಲರಿಗಳ ಸಂದಿಗೆ ಬಿಟ್ಟು, ಬಟ್ಟೆಯಿಂದ ಮೇಲಿನಿಂದ ಕೆಳಕ್ಕೆ ಮಾತ್ರ ಒರೆಸಿದೆ. ಮಳೆನೀರು ಇಳಿಯುವ ದಾರಿ ಅದೇ. ಕೆಳಭಾಗಕ್ಕೆ ಪೇಸ್ಟಲ್ ಸೀಮೆಸುಣ್ಣವನ್ನು ಬ್ಲೇಡಿನಿಂದ ಕೆರೆದ ಪುಡಿ: ಬ್ರೇಕ್ ಬೀಳುವ ಕಡೆ ತುಕ್ಕಿನ ಕೆಂಪು, ಉಳಿದೆಡೆ ಮಣ್ಣಿನ ಬಣ್ಣ. ಮೇಲೆ ಮತ್ತೆ ವಾರ್ನಿಷ್ ಬಿದ್ದಾಗ ಪುಡಿ ಮಂಕಾಗುವುದರಿಂದ ಬೇಕಾದ್ದಕ್ಕಿಂತ ತುಸು ಹೆಚ್ಚೇ ಹಚ್ಚಬೇಕು. ಹಳಿ ಮುಟ್ಟುವ ಗಾಲಿಯ ಅಂಚನ್ನು ಸ್ಪಿರಿಟ್ ಹಾಕಿ ಒರೆಸಿದೆ. ಮಾದರಿಗೆ ವಿದ್ಯುತ್ ಸಿಗುವುದು ಹಳಿಯಿಂದ, ಅಲ್ಲಿಂದಲೇ.

ದೀಪಗಳ ಬೆಳಕು ಪ್ಲಾಸ್ಟಿಕ್ ಮೈಯನ್ನೇ ತೂರಿ ಬಂದರೆ ಉಳಿದ ಶ್ರಮವೆಲ್ಲ ವ್ಯರ್ಥ. ಒಳಗೋಡೆಗೆ ಕಪ್ಪು ಬಣ್ಣ ಬಳಿದೆ, ಕ್ಯಾಬಿನಲ್ಲಿ ಲೋಕೊ ಪೈಲಟ್ ಗೊಂಬೆ ಕೂರಿಸಿದೆ. ಎತ್ತಿರುವುದು ಹಿಂದಿನ ಪ್ಯಾಂಟೊಗ್ರಾಫ್ ಮಾತ್ರ.

ಇಷ್ಟಾದರೂ ಓಡುವ ವೇಗ ತಪ್ಪಿದರೆ ನೋಟ ಕೆಡುತ್ತದೆ. ಗಂಟೆಗೆ 100 ಕಿ.ಮೀ. ವೇಗವು ಈ ಅಳತೆಯಲ್ಲಿ ಸೆಕೆಂಡಿಗೆ ಸುಮಾರು 32 ಸೆಂ.ಮೀ. ಹಳಿಯ ಪಕ್ಕ ಒಂದು ಮೀಟರ್ ಗುರುತು ಹಾಕಿಟ್ಟಿದ್ದೇನೆ; ಮೂರು ಸೆಕೆಂಡಿಗೆ ಮೊದಲೇ ದಾಟಿದರೆ ನಿಯಂತ್ರಕವನ್ನು ಹಿಂದಕ್ಕೆ ತಿರುಗಿಸುತ್ತೇನೆ.