ಭೇದಿ ಇಲ್ಲದ ಮಕ್ಕಳಲ್ಲಿ ಸೀಲಿಯಾಕ್ ಹುಡುಕುವುದು: ನನ್ನ ಅನುಭವ

ನಾನು ಮಕ್ಕಳ ವೈದ್ಯೆ. ಸೀಲಿಯಾಕ್ ಅಂದರೆ ಗೋಧಿ, ಬಾರ್ಲಿ, ರೈ ಇವುಗಳಲ್ಲಿರುವ ಗ್ಲುಟೆನ್ ಒಳಗೆ ಹೋದಾಗ ದೇಹ ತನ್ನದೇ ಸಣ್ಣ ಕರುಳಿಗೆ ಹಾನಿ ಮಾಡಿಕೊಳ್ಳುವ ಕಾಯಿಲೆ. ಹೊಟ್ಟೆ ಉಬ್ಬಿ, ಭೇದಿ ನಿಲ್ಲದೆ ಸೊರಗಿದ ಮಗುವಾದರೆ ಯಾರಾದರೂ ಗುರುತಿಸುತ್ತಾರೆ. ತಪ್ಪಿಸಿಕೊಳ್ಳುವುದು ಉಳಿದವರು: ಎತ್ತರ ಸಾಲದು ಅಂತ ಬಂದವರು, ತಿಂಗಳುಗಟ್ಟಲೆ ಕಬ್ಬಿಣದ ಸಿರಪ್ ಕುಡಿದರೂ ಹಿಮೋಗ್ಲೋಬಿನ್ ಏರದವರು, ಮತ್ತೆ ಮತ್ತೆ ಬಾಯಿಹುಣ್ಣು ಬರುವವರು, ಹಲ್ಲಿನ ಎನಾಮೆಲ್ ಕೆಟ್ಟವರು. ಕೆಲವರಿಗೆ ಭೇದಿ ಹೋಗಲಿ, ಮಲಬದ್ಧತೆಯೇ ತೊಂದರೆ.

ಅದಕ್ಕೇ ನಾನು ಮೊದಲು ಎತ್ತರ, ತೂಕದ ಹಳೆಯ ಅಳತೆಗಳನ್ನೆಲ್ಲ ತರಿಸಿ ಗ್ರೋತ್ ಚಾರ್ಟಿನಲ್ಲಿ ಗುರುತು ಹಾಕುತ್ತೇನೆ. ಒಂದು ಗೆರೆ ಹಿಡಿದು ಬೆಳೆಯುತ್ತಿದ್ದ ಮಗು ನಿಧಾನಕ್ಕೆ ಕೆಳಗಿನ ಗೆರೆಗೆ ಜಾರಿದ್ದರೆ, 'ನಮ್ಮ ಮನೇಲಿ ಎಲ್ಲರೂ ಕುಳ್ಳರೇ' ಅನ್ನುವ ಮಾತಿಗೆ ಸುಮ್ಮನಾಗುವುದಿಲ್ಲ. ರಕ್ತದಲ್ಲಿ ಟಿಟಿಜಿ-ಐಜಿಎ, ಅಂದರೆ ಈ ಕಾಯಿಲೆಯಲ್ಲಿ ಏರುವ ಆ್ಯಂಟಿಬಾಡಿಯ ಪರೀಕ್ಷೆ ಬರೆಯುತ್ತೇನೆ, ಜೊತೆಗೆ ಒಟ್ಟು ಐಜಿಎ (ಆ ಬಗೆಯ ಆ್ಯಂಟಿಬಾಡಿ ಒಟ್ಟಾರೆ ಎಷ್ಟಿದೆ ಅನ್ನುವುದು) ಕೂಡ. ಎರಡನೆಯದನ್ನು ಖರ್ಚು ಅಂತ ಬಿಡಬಾರದು. ಮಗುವಿಗೆ ಐಜಿಎಯೇ ಕಡಿಮೆ ಇದ್ದರೆ, ಕಾಯಿಲೆ ಇದ್ದರೂ ಮೊದಲ ರಿಪೋರ್ಟ್ ನೆಗೆಟಿವ್ ಬರಬಹುದು. ಆಗ ಐಜಿಜಿ ಎಂಬ ಇನ್ನೊಂದು ಬಗೆಯ ಆ್ಯಂಟಿಬಾಡಿ ಆಧಾರದ ಪರೀಕ್ಷೆ ಮಾಡಿಸಬೇಕು.

ನನಗೆ ಜಾಸ್ತಿ ತಲೆನೋವು ಕೊಡುವುದು ಪರೀಕ್ಷೆಗೆ ಮೊದಲೇ ಗೋಧಿ ನಿಲ್ಲಿಸಿ ಬರುವವರು. ಯಾರೋ ಹೇಳಿದರು, ಬಿಟ್ಟೆವು, ಮಗು ಚೆನ್ನಾಗಾಯಿತು, ಈಗ ಖಚಿತ ಮಾಡಿಕೊಡಿ ಅನ್ನುತ್ತಾರೆ. ಗ್ಲುಟೆನ್ ನಿಲ್ಲಿಸಿದರೆ ಆ್ಯಂಟಿಬಾಡಿ ಇಳಿಯುತ್ತದೆ, ಕರುಳೂ ವಾಸಿಯಾಗತೊಡಗುತ್ತದೆ, ನಾನು ಏನನ್ನು ನೋಡಿ ಹೇಳಲಿ? ಮತ್ತೆ ವಾರಗಟ್ಟಲೆ ಗೋಧಿ ತಿನ್ನಿಸಿ ಪರೀಕ್ಷೆ ಮಾಡಬೇಕಾಗುತ್ತದೆ, ಚೇತರಿಸಿಕೊಂಡ ಮಗುವಿಗೆ ಹಾಗೆ ಮಾಡಲು ಯಾವ ತಾಯಿಗೆ ಮನಸ್ಸು ಬರುತ್ತದೆ ಹೇಳಿ. ಜೀವನಪೂರ್ತಿ ಪಾಲಿಸಬೇಕಾದ ಪಥ್ಯವನ್ನು ಅಂದಾಜಿನ ಮೇಲೆ ಶುರುಮಾಡಬಾರದು, ಅಲ್ವಾ?

ಟಿಟಿಜಿ ಮಿತಿಗಿಂತ 10 ಪಟ್ಟು ಅಥವಾ ಅದಕ್ಕೂ ಹೆಚ್ಚಿದ್ದು, ಬೇರೆಯಾಗಿ ತೆಗೆದ ರಕ್ತದಲ್ಲಿ ಇಎಂಎ ಎಂಬ ಇನ್ನೊಂದು ಆ್ಯಂಟಿಬಾಡಿ ಕೂಡ ಪಾಸಿಟಿವ್ ಬಂದರೆ, ಬಯಾಪ್ಸಿ (ಕರುಳಿನ ಚೂರು ತೆಗೆದು ನೋಡುವುದು) ಇಲ್ಲದೆಯೇ ಖಚಿತಪಡಿಸಬಹುದು ಎನ್ನುತ್ತದೆ ಯುರೋಪಿನ ಮಕ್ಕಳ ಜೀರ್ಣಾಂಗ ತಜ್ಞರ 2020ರ ಮಾರ್ಗಸೂಚಿ. ಟಿಟಿಜಿ ಅಷ್ಟು ಏರಿರದಿದ್ದರೆ ಎಂಡೋಸ್ಕೋಪಿ ಮಾಡಿ ಬಯಾಪ್ಸಿ.

ಒಂದು ಮಗುವಿಗೆ ಖಚಿತವಾದರೆ ಅಲ್ಲಿಗೇ ಫೈಲ್ ಮುಚ್ಚುವುದಿಲ್ಲ. ಅಣ್ಣ, ತಂಗಿ, ಅಪ್ಪ, ಅಮ್ಮ ಎಲ್ಲರಿಗೂ ಪರೀಕ್ಷೆ. ಸಾಮಾನ್ಯ ಜನರಲ್ಲಿ 100ಕ್ಕೆ ಸುಮಾರು ಒಬ್ಬರಿಗೆ ಇರುವ ಈ ಕಾಯಿಲೆ ಇಂಥ ಮನೆಗಳಲ್ಲಿ ಹಲವು ಪಟ್ಟು ಜಾಸ್ತಿ. 'ಅವಳು ಚೆನ್ನಾಗೇ ಇದ್ದಾಳಲ್ಲ ಡಾಕ್ಟ್ರೇ' ಅನ್ನುತ್ತಾರೆ. ಚೆನ್ನಾಗಿದ್ದವರಲ್ಲೇ ಸಿಗುವುದೂ ಉಂಟು. ಟೈಪ್ 1 ಮಧುಮೇಹ, ಡೌನ್ ಸಿಂಡ್ರೋಮ್, ಟರ್ನರ್ ಸಿಂಡ್ರೋಮ್, ಆಟೋಇಮ್ಯೂನ್ ಥೈರಾಯ್ಡ್ ಇರುವ ಮಕ್ಕಳಿಗೂ ನಾನು ಲಕ್ಷಣಕ್ಕಾಗಿ ಕಾಯುವುದಿಲ್ಲ. ಒಮ್ಮೆ ನೆಗೆಟಿವ್ ಬಂದರೂ ಮುಂದೆ ಬರಬಹುದು, ಹಾಗಾಗಿ ಕೆಲವು ವರ್ಷಗಳಿಗೊಮ್ಮೆ ಮತ್ತೆ ನೋಡುತ್ತೇನೆ. ಈ ಕಾಯಿಲೆ ಬರಲು ಬೇಕಾದ ಡಿಕ್ಯೂ2, ಡಿಕ್ಯೂ8 ಎರಡೂ ಜೀನ್ ಇಲ್ಲದವರಿಗೆ ಮಾತ್ರ ಮತ್ತೆ ಮತ್ತೆ ಪರೀಕ್ಷೆಯ ಕಾಟ ಇಲ್ಲ.

ಹಾಗಾದರೆ ಎಲ್ಲ ಮಕ್ಕಳಿಗೂ ಈ ಪರೀಕ್ಷೆ ಯಾಕೆ ಮಾಡಬಾರದು? ಇಟಲಿ 2023ರಲ್ಲಿ ಇದಕ್ಕೆ ಕಾನೂನನ್ನೇ ತಂದಿದೆ, ಟೈಪ್ 1 ಮಧುಮೇಹವನ್ನೂ ಸೇರಿಸಿ. ನನಗೆ ಆಸೆಯಿದೆ, ಅನುಮಾನವೂ ಇದೆ. ರಕ್ತ ತೆಗೆಯುವುದು ಸುಲಭ. ಪಾಸಿಟಿವ್ ಬಂದ ಮಗುವಿಗೆ ಎಂಡೋಸ್ಕೋಪಿ ಮಾಡುವವರು, ಪಥ್ಯ ಕಲಿಸುವ ಡಯಟೀಶಿಯನ್, ವರ್ಷವರ್ಷ ನೋಡುವವರು ಎಲ್ಲ ಬೇಕು. ಅಷ್ಟು ವ್ಯವಸ್ಥೆ ಇರುವ ಕಡೆ ಧಾರಾಳವಾಗಿ ಮಾಡಲಿ. ಇಲ್ಲದ ಕಡೆ ನಾನು ಗ್ರೋತ್ ಚಾರ್ಟ್ ಮತ್ತು ಏರದ ಹಿಮೋಗ್ಲೋಬಿನ್‌ನಿಂದಲೇ ಶುರುಮಾಡುತ್ತೇನೆ.